ಕರೆಂಟಿನ ದರ ತೂಗಿದ ದಿನ

ಸಿಡಿಲನ್ನು ಟವೆಲಿನಲ್ಲಿ ಕಟ್ಟಿ ಮನೆಗೆ ತಂದವನು ನಾನು, ಕಂಡದ್ದನ್ನೇ ಹೇಳುತ್ತೇನೆ.

ಕರೆಂಟಿನ ದರ ಗೊತ್ತುಮಾಡಲು ತಕ್ಕಡಿಯಮ್ಮ ವರ್ಷಕ್ಕೊಮ್ಮೆ ಸಭೆ ಕರೆಯುತ್ತಿದ್ದಳು. ಆ ಸಲ ಅವಳ ಒಂದು ತಟ್ಟೆಯಲ್ಲಿ ಕೂತ ತಂತಿ, "ದಾರಿಯಲ್ಲಿ ನಾನು ಸೋರಿಸಿದ್ದನ್ನೂ ದರಕ್ಕೆ ಸೇರಿಸಿ, ತಾಯೀ" ಎಂದಿತು.

"ಸೋರಿಸುವವನು ನೀನು, ತೆರುವವನು ನಾನೋ? ದರ ಏರಿದರೆ ಅಜ್ಜಿ ನನ್ನನ್ನು ಆರಿಸಿಯೇಬಿಡುತ್ತಾಳೆ!" ಎಂದು ಅಜ್ಜಿಯ ಗುಡಿಸಲಿನ ಬಲ್ಬು ಎದುರು ತಟ್ಟೆಗೆ ಹಾರಿತು.

ಬಲ್ಬಿನ ಭಾರಕ್ಕೆ ತಟ್ಟೆ ಕದಲಲಿಲ್ಲ. "ನಿನ್ನ ಹಾಗೆ ದರ ತೆರುವ ಹಿಟ್ಟಿನ ಗಿರಣಿಯಣ್ಣ ಎಲ್ಲಿ?" ಎಂದಳು ತಕ್ಕಡಿಯಮ್ಮ.

"ಕರೆದೆ, ತಾಯೀ. 'ಜೋಳ ಬೀಸುವುದಿದೆ, ನನ್ನ ಪಾಲಿನದನ್ನೂ ನೀನೇ ಹೇಳು' ಅಂದ" ಎಂದಿತು ಬಲ್ಬು.

"ಬಾರದವರ ಭಾರ ನಾನು ತೂಗಲಾರೆ, ಮಗೂ."

ದರ ಏರಿತು. ಆ ಸಂಜೆಯೇ ಬಲ್ಬು ಆರಿತು.

ಮರುದಿನ ಗಿರಣಿ ಏದುಸಿರು ಬಿಡುತ್ತ ಬಂದು ತಟ್ಟೆಯೇರಿತು. ತಕ್ಕಡಿಯಮ್ಮ ಕೆಳಗಿಳಿಸಿದಳು.

"ಮುಂದಿನ ವರ್ಷ ಬಾ ಮಗನೇ, ನೀನಿನ್ನೂ ತಿರುಗುತ್ತಿದ್ದರೆ."