ನಾಲ್ಕು ಶಾಲು, ಐದು ವಿಭಾಗ

ಕಾಲೇಜಿನಲ್ಲಿ ಹೊಸ ಮಕ್ಕಳ ಸ್ವಾಗತದ ದಿನ ಐದು ವಿಭಾಗದ ಮುಖ್ಯಸ್ಥರ ಬಾಯಿ ಮುಚ್ಚಿಸಿದ ಅಟೆಂಡರ್ ಭೂಮಂಡಲದಲ್ಲಿ ಒಬ್ಬನೇ, ಅವನು ಸಣ್ಣೀರಪ್ಪ. ಹೀಗಂತ ಟೀ ಅಂಗಡಿ ಬೆಂಚಿನ ಮೇಲೆ ಸಣ್ಣೀರಪ್ಪನೇ ಹೇಳುತ್ತಾನೆ. ಕಣ್ಣಾರೆ ಕಂಡವರೆಲ್ಲ ಶಿವನ ಪಾದ ಸೇರಿದ್ದಾರೆ.

ಪ್ರತಿ ವರ್ಷ ಒಬ್ಬೊಬ್ಬ ಮುಖ್ಯಸ್ಥರು ಒಂದೊಂದು ಗಂಟೆ ಭಾಷಣ ಕೊರೆಯುತ್ತಿದ್ದರು. ಹಸಿದ ಮಕ್ಕಳು ಕೂತಲ್ಲೇ ತಲೆ ತಿರುಗಿ ಬೀಳುತ್ತಿದ್ದವು. ಆ ವರ್ಷ ಪ್ರಿನ್ಸಿಪಾಲರು ಸಣ್ಣೀರಪ್ಪನನ್ನು ಕರೆದು ಗುಡುಗಿದರು: "ಹನ್ನೆರಡಕ್ಕೆ ಊಟದ ಗಂಟೆ ಹೊಡೀಬೇಕು. ಇಲ್ದಿದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ದೊಡ್ಡೋರ ಬಾಯಿ ನಾನ್ ಹ್ಯಾಗೆ ಮುಚ್ಚಿಸ್ಲಿ ಬುದ್ಧಿ?"

"ಅದು ನಿನ್ನ ಪಾಡು!"

ಭಾಷಣ ಮುಗಿಸಿದವರಿಗೆ ಶಾಲು ಹೊದಿಸುವುದು ಆ ಕಾಲೇಜಿನ ಪದ್ಧತಿ. ಸಣ್ಣೀರಪ್ಪ ಒಂದು ಶಾಲನ್ನು ಬೀರುವಿನಲ್ಲೇ ಬಿಟ್ಟು, ನಾಲ್ಕನ್ನು ತಟ್ಟೆಯಲ್ಲಿಟ್ಟುಕೊಂಡು ವೇದಿಕೆ ಹತ್ತಿದ. ಐವರ ಕಿವಿಯಲ್ಲೂ ಒಂದೇ ಮಾತು ಊದಿದ: "ಸ್ವಾಮಿ, ಶಾಲು ನಾಲ್ಕೇ ಬಂದಿವೆ. ಮಾತು ಉದ್ದ ಮಾಡಿದೋರಿಗೆ ಇಲ್ವಂತೆ."

ಇತಿಹಾಸದವರು ಕದಂಬರಿಂದ ಶುರು ಮಾಡಿ, ಎರಡೇ ನಿಮಿಷದಲ್ಲಿ ವಿಜಯನಗರ ಮುಳುಗಿಸಿ ಕೂತರು. ಕನ್ನಡದವರು ಪದ್ಯವನ್ನು ಅರ್ಧಕ್ಕೇ ನಿಲ್ಲಿಸಿದರು. ಭೌತಶಾಸ್ತ್ರದವರಂತೂ "ಸ್ವಾಗತ" ಅಂದವರೇ ಶಾಲಿಗೆ ಹೆಗಲು ಒಡ್ಡಿದರು. ಉಳಿದಿಬ್ಬರೂ ಓಡೋಡಿ ಮುಗಿಸಿದರು. ಐದನೆಯವರಿಗೂ ಬೀರುವಿನಿಂದ ಶಾಲು ಬಂತು. ಹನ್ನೊಂದೂವರೆಗೇ ಗಂಟೆ ಹೊಡೆಯಿತು. ಪ್ರಿನ್ಸಿಪಾಲರು ತಮ್ಮ ಗಡಿಯಾರ ನಿಂತುಹೋಗಿದೆಯೇನೋ ಅಂತ ಕಿವಿಗೆ ಹಿಡಿದು ನೋಡಿದರು!

ಪಕ್ಕದ ಬೆಂಚಿನಲ್ಲಿ ಇದನ್ನೆಲ್ಲ ಕೇಳುತ್ತ ಟೀ ಕುಡಿಯುತ್ತಿದ್ದ ರೇವಮ್ಮ ಟೀಚರ್ ಲೋಟ ಕೆಳಗಿಟ್ಟರು. "ಸಣ್ಣೀರಪ್ಪಣ್ಣ, ನಾನೂ ಅಲ್ಲೇ ಓದಿದ್ದು. ಭೌತಶಾಸ್ತ್ರ ವಿಭಾಗ ಶುರುವಾಗಿದ್ದೇ ನೀವು ರಿಟೈರ್ ಆದ್ಮೇಲೆ!"

ಸಣ್ಣೀರಪ್ಪ ಎಲೆಗೆ ಸುಣ್ಣ ಸವರುತ್ತ ಅಂದ: "ಅದಕ್ಕೇ ಕಣವ್ವ, ಅವರ ಭಾಷಣ ಅಷ್ಟು ಬೇಗ ಮುಗೀತು."