ತಾಯಿ ಕಟ್ಟಿದ ಬುತ್ತಿ

“ಗುರುಗಳೇ, ನನ್ನ ತಂಗಿ ಗಂಡನನ್ನು ಕಳೆದುಕೊಂಡಿದ್ದಾಳೆ. ದಿನವೂ ಹೋಗಿ ಸಮಾಧಾನ ಹೇಳುತ್ತೇನೆ. ಅವಳು ಮುಖ ತಿರುಗಿಸುತ್ತಾಳೆ. ಯಾವಾಗ ಹೇಳಿದರೆ ಕೇಳಿಯಾಳು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

“ಸಸಿಯ ಮೊದಲ ಎರಡು ಎಲೆ ಬೀಜದೊಳಗಿಂದಲೇ ಬರ್ತಾವೆ. ಅವು ತಾಯಿ ಕಟ್ಟಿಕೊಟ್ಟ ಬುತ್ತಿ. ಅದು ಮುಗಿಯುವ ತನಕ ನೀವು ಏನೂ ಹಾಕಬೇಡಿ.” ಒಬ್ಬ ರೈತನಿಗೆ ಅವನ ಹೆಂಡತಿ ಕೊನೆಯದಾಗಿ ಹೇಳಿದ ಮಾತು ಇದು. ಹೇಳಿ ಕಣ್ಣು ಮುಚ್ಚಿದಳು.

ಹಾಸಿಗೆ ಹಿಡಿಯುವ ಮುನ್ನ ಅವಳು ಹಿತ್ತಲಲ್ಲಿ ಮೆಣಸಿನ ಬೀಜ ಚೆಲ್ಲಿದ್ದಳು. ಹೊಲ ಅವನದು, ಸಸಿಮಡಿ ಅವಳದು. ಮೂವತ್ತು ವರ್ಷ ಹಾಗೇ ನಡೆದಿತ್ತು. ಸಸಿ ದೊಡ್ಡದಾದ ಮೇಲೆ ಹೊಲಕ್ಕೆ ಒಯ್ಯಲು ಅವನು ಬುಟ್ಟಿ ಹಿಡಿದು ಹೋಗುತ್ತಿದ್ದ, ಅಷ್ಟೇ.

ಅವಳನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ಬೀಜ ಮೊಳೆತವು. ರೈತ ಮಡಿಯ ಪಕ್ಕದಲ್ಲಿ ಕುಳಿತು ನೋಡಿದ. ಎಷ್ಟು ಸಣ್ಣವು. ಅವಳ ಮಾತು ನೆನಪಿದ್ದರೂ, ಅವಳ ಕೈಯ ಕೊನೆಯ ಬಿತ್ತನೆ ಹಸಿದಿರಬಾರದು ಅನ್ನಿಸಿತು. ಹೊಲಕ್ಕೆ ಹಾಕುವ ಗೊಬ್ಬರವನ್ನೇ ನೀರಿನಲ್ಲಿ ಕದಡಿ ಸುರಿದ. ಎರಡು ದಿನಕ್ಕೆ ಅರ್ಧ ಮಡಿ ಸುಟ್ಟು ಮಲಗಿತು.

ಪಕ್ಕದ ಮನೆಯ ದ್ಯಾಮವ್ವ ಸಾರು ತಂದವಳು ಬೇಲಿಯಿಂದ ಇಣುಕಿದಳು.

“ಏನೋ ತಮ್ಮಾ, ನಿನ್ನೆ ಹುಟ್ಟಿದ ಕೂಸಿಗೆ ಜೋಳದ ರೊಟ್ಟಿ ತಿನ್ನಿಸಿದೆಯಾ? ಹಲ್ಲಾದರೂ ಬರಲಿ ಬಿಡೋ!”

ಅವನು ಪಾತ್ರೆ ತೆಗೆದುಕೊಂಡ. ಅವಳು ತಂದ ಸಾರನ್ನು ಎಂದಿನಂತೆ ನಾಯಿಗೆ ಹಾಕಿದ. ಅವನಿಗೆ ಯಾರ ಮನೆಯ ಅಡುಗೆಯೂ ಇಳಿಯುತ್ತಿರಲಿಲ್ಲ. ತಾನೇ ದಪ್ಪದಪ್ಪ ರೊಟ್ಟಿ ತಟ್ಟಿ, ಹೆಂಡತಿ ಕುಟ್ಟಿಟ್ಟ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದ. ಡಬ್ಬಿಯ ತುಂಬ ಇತ್ತು. ಇರುವವರು ಇಬ್ಬರು, ಇಷ್ಟೊಂದು ಯಾಕೆ ಕುಟ್ಟಿದೆ ಎಂದು ಅವನು ಆಗ ಕೇಳಿದ್ದ. ಇರಲಿ ಬಿಡಿ ಎಂದಿದ್ದಳು.

ಉಳಿದ ಅರ್ಧ ಮಡಿಗೆ ಅವನು ನೀರು ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಕೈ ತುರಿಸುತ್ತಿತ್ತು. ತಡೆದುಕೊಂಡ. ಬೀಜದೆಲೆಗಳ ನಡುವಿನಿಂದ ನಿಜವಾದ ಎಲೆ ಎರಡು ಬಂದವು. ಆಮೇಲೆ ಇನ್ನೆರಡು.

ಒಂದು ಸಂಜೆ ಕೆಳಗಿನ ಬೀಜದೆಲೆಗಳು ಹಳದಿಯಾಗಿದ್ದವು. ಇವೂ ಹೋದವು ಎಂದುಕೊಂಡ. ಬೇಲಿಯ ಹತ್ತಿರ ಓಡಿ ದ್ಯಾಮವ್ವನನ್ನು ಕೂಗಿದ.

ಅವಳು ಬಂದು ಬಗ್ಗಿ ನೋಡಿದಳು. “ಹೆದರಬೇಡ. ರೋಗ ಅಲ್ಲ ಇದು. ಬುತ್ತಿ ಮುಗೀತು. ಈಗ ಹಸಿವಾಗಿದೆ, ಈಗ ಕೊಡು. ತೆಳ್ಳಗೆ ಕೊಡು, ಮಾರಾಯ.”

ಅವನು ಒಳಗೆ ಬಂದು ರೊಟ್ಟಿ ಹಾಕಿಕೊಂಡು ಕುಳಿತ. ಚಟ್ನಿಗೆ ಕೈ ಹಾಕಿದ. ಬೆರಳಿಗೆ ಡಬ್ಬಿಯ ತಳ ಸಿಕ್ಕಿತು. ಸುತ್ತ ಅಂಟಿದ್ದನ್ನು ಒರೆಸಿ ತಿಂದ. ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳು ಹೋದ ಮೇಲೂ ಒಂದು ತಿಂಗಳು ಅವಳ ಕೈಯ ಊಟವೇ ಆಗಿತ್ತು ಅವನಿಗೆ. ಅಂದು ಅವನು ಅತ್ತ. ಅಳುತ್ತಲೇ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ.

ಮರುದಿನ ಬೆಳಿಗ್ಗೆ ಒಂದು ಹಿಡಿ ಹಳೆಯ ಸಗಣಿಗೊಬ್ಬರವನ್ನು ಕೊಡದ ತುಂಬ ನೀರಿಗೆ ಕಲಸಿ, ಸೋಸಿ, ಸಸಿಗಳ ಬುಡಕ್ಕೆ ಅಷ್ಟಷ್ಟೇ ಹನಿಸಿದ. ಕೈ ತೊಳೆದ. ಡಬ್ಬಿಯನ್ನೂ ತೊಳೆದ. ಅದನ್ನು ಹಿಡಿದು ದ್ಯಾಮವ್ವನ ಬಾಗಿಲಿಗೆ ಹೋಗಿ, “ಅಕ್ಕಾ, ಸಾರು ಇದೆಯಾ?” ಎಂದು ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಶಿಷ್ಯನ ಕಡೆ ತಿರುಗಿ ಕೇಳಿದರು:

“ಗಂಡ ಕಟ್ಟಿಕೊಟ್ಟ ಬುತ್ತಿ ನಿನ್ನ ತಂಗಿಯ ಹತ್ತಿರ ಇನ್ನೂ ಎಷ್ಟಿದೆ, ನೋಡಿ ಬಂದೆಯಾ?”