ಆ ದಂಡೆಯ ಬುತ್ತಿ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಜಪವೂ ಇರಲಿಲ್ಲ, ಹೋಮವೂ ಇರಲಿಲ್ಲ. ಅಡಿವೆಯ್ಯಜ್ಜ ಅಲ್ಲಿ ಕರ್ನೆಲ್ ಡ್ರೈವರ್ ಬರೆಯುವುದನ್ನು ಕಲಿಸುತ್ತಿದ್ದರು. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮಾದ ಕರ್ನೆಲ್ಲೂ ಬೇರೆ ಯಂತ್ರಗಳೂ ಮಾತಾಡಿಕೊಳ್ಳಲು ನಡುವೆ ಕೂರುವ ಸಣ್ಣ ಪ್ರೋಗ್ರಾಮು ಅದು. ಅದು ತಪ್ಪಿದರೆ ಇಡೀ ಕಂಪ್ಯೂಟರೇ ಕಲ್ಲಾಗಿ ಕೂರುತ್ತದೆ.

ಶಿಷ್ಯ ಇಂದುಧರನದು ತಪ್ಪಿತ್ತು.

ಮೇಲಿನ ಅಣೆಕಟ್ಟಿನಿಂದ ನೀರು ಬಿಡುವಾಗ ದಂಡೆಯ ಸೈರನ್ ಕೂಗಬೇಕು. ಅದರ ಡ್ರೈವರ್ ಬರೆದವನು ಅವನೇ. ಮೂರು ದಿನದ ಹಿಂದೆ ನೀರು ಬಂತು, ಸೈರನ್ ಕೂಗಲಿಲ್ಲ. ಹರಗೋಲಿನ ಹುಲುಗಪ್ಪ ಆಗ ನಡುಹೊಳೆಯಲ್ಲಿದ್ದ. ಹೆಣ ಮರುದಿನ ಸಿಕ್ಕಿತು.

ಅಂದಿನಿಂದ ಇಂದುಧರ ಅನ್ನ ಮುಟ್ಟಿರಲಿಲ್ಲ. ಬರೆದದ್ದನ್ನೇ ತಿರುಗಾ ಮುರುಗಾ ಓದಿದ. ಎಲ್ಲೂ ತಪ್ಪು ಕಾಣಲಿಲ್ಲ. ಕಾಣದಿದ್ದದ್ದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಇವತ್ತು ಮೂರು ಗಂಟೆಗೆ ಮತ್ತೆ ನೀರು ಬಿಡುವುದಿತ್ತು. ಸೈರನ್ ಇಲ್ಲವೆಂದು ಎರಡೂ ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಿದ್ದರು.

ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಹಿಡಿದು ಗುರುವಿನ ಮುಂದೆ ಕೂತ.

"ಅಜ್ಜಾರ, ಅವತ್ತು ಮುಂಜಾನೆ ನೀರಿನ ಮಟ್ಟ ಅಳೆಯೋ ಸೆನ್ಸರ್ ಬಿಚ್ಚಿ, ತೊಳದು ಮತ್ತ ಹಾಕಿದ್ರು. ಬಿಚ್ಚಿದ ಕೂಡ್ಲೇ ಅದಕ್ಕ ಕೊಟ್ಟಿದ್ದ ಮೆಮೊರಿ ಜಾಗಾನ ಕರ್ನೆಲ್‌ಗೆ ವಾಪಸ್ ಬಿಟ್ಟೀನಿ. ಎರಡು ಸಲ ಬಿಟ್ಟಿಲ್ರಿ, ಒಂದೇ ಸಲ. ಆ ಜಾಗದ ವಿಳಾಸ ಇದ್ದ ನನ್ನ ಪಾಯಿಂಟರನ್ನೂ ಅಳಿಸೀನಿ. ಇನ್ನೇನು ಮಾಡಬೇಕಿತ್ರಿ?"

ಅಜ್ಜ ಪರದೆಯ ಕಡೆ ನೋಡಲೇ ಇಲ್ಲ. ಹೊಳೆಯ ಕಡೆ ನೋಡುತ್ತಿದ್ದರು.

"ಆ ದಂಡಿ ಬಂಡಿಗಲ್ಲಿನ ಮ್ಯಾಲೆ ಯಾರು ಕುಂತಾರ?"

ಒಬ್ಬ ಮುದುಕಿ. ಮಡಿಲಲ್ಲಿ ಬಟ್ಟೆಯ ಗಂಟು.

"ಹುಲುಗಪ್ಪನ ತಾಯಿ ಈರಮ್ಮ ರೀ. ಆ ಊರಾಗ ಮಗಳ ಮನ್ಯಾಗ ಇರತಾಳ. ದಿನಾ ಮಧ್ಯಾಹ್ನ ಮಗಗ ಬುತ್ತಿ ತರತಾಳ."

"ಇವತ್ತ್ಯಾಕ ತಂದಾಳ?"

ಈ ದಂಡೆಯವರೆಲ್ಲ ಮಣ್ಣಿಗೆ ಹೋಗಿ ಬಂದಿದ್ದರು. ಹುಲುಗಪ್ಪನ ಹೆಂಡತಿ ಕುಂಕುಮ ಅಳಿಸಿಯಾಗಿತ್ತು. ಮುದುಕಿಗೆ ಹೇಳಲು ಮಾತ್ರ ಮಗಳಿಗೆ ಬಾಯಿ ಬಂದಿರಲಿಲ್ಲ.

"ನಿನ್ನ ಪಾಯಿಂಟರ್ ನೀನು ಅಳಿಸಿದಿ," ಅಂದರು ಅಜ್ಜ. "ಆ ವಿಳಾಸ ಮತ್ತ್ಯಾರಿಗೆ ಕೊಟ್ಟಿದ್ದಿ?"

ಆಗ ಹೊಳೆಯಿತು. ಟೈಮರ್! ಅರ್ಧ ನಿಮಿಷಕ್ಕೊಮ್ಮೆ ಎದ್ದು, ಆ ಜಾಗಕ್ಕೆ ಹೋಗಿ, ನೀರಿನ ಮಟ್ಟ ನೋಡಿ ಬಾ ಎಂದು ವಿಳಾಸ ಕೊಟ್ಟವನು ಅವನೇ. ಜಾಗ ಬಿಟ್ಟುಕೊಟ್ಟದ್ದನ್ನು ಅದಕ್ಕೆ ಹೇಳಿರಲಿಲ್ಲ. ಅದು ಪಾಪ, ಹೊತ್ತಿಗೆ ಸರಿಯಾಗಿ ಹೋಗಿತ್ತು. ಅಷ್ಟರಲ್ಲಿ ಕರ್ನೆಲ್ ಆ ಜಾಗವನ್ನು ಇನ್ನೊಂದು ಕೆಲಸಕ್ಕೆ ಕೊಟ್ಟಿತ್ತು. ಟೈಮರ್ ಅಲ್ಲಿ ಕೈಯಾಡಿಸಿತು, ಕಂಪ್ಯೂಟರ್ ಸತ್ತು ಬಿತ್ತು. ನೀರು ಬಂದಾಗ ಸೈರನ್ ಕೂಗಿಸಲು ಯಾರೂ ಇರಲಿಲ್ಲ.

"ನಾನಽ ಕೊಂದೆ, ಅಜ್ಜಾರ."

"ಹೌದು." ಸಮಾಧಾನ ಹೇಳುವ ಚಾಳಿ ಅಜ್ಜನಿಗೆ ಯಾವತ್ತೂ ಇರಲಿಲ್ಲ. "ಅದನ್ನ ಓದಿ ಒಪ್ಪಿದಾಂವ ನಾನು. ಇಬ್ಬರೂ ಕೊಂದ್ವಿ."

ಇಂದುಧರ ಸರಿಪಡಿಸಲು ಕೀಲಿಮಣೆಗೆ ಕೈ ಹಾಕಿದ. ಅಜ್ಜ ಲ್ಯಾಪ್‌ಟಾಪ್ ಮುಚ್ಚಿದರು.

"ಮೊದಲು ಆ ದಂಡಿಗೆ ಹೋಗು."

ದಾಟಿಸಲು ಹರಗೋಲು ಇರಲಿಲ್ಲ. ಸೇತುವೆ ಸುತ್ತಿ ಹೋದ. ಮುದುಕಿಗೆ ಕಿವಿ ಮಂದ. ಅಷ್ಟು ಕೆಟ್ಟ ಸುದ್ದಿಯನ್ನು ಕೂಗಿ ಹೇಳಬೇಕಾಯಿತು.

"ಹುಲುಗಪ್ಪ ಇನ್ನಿಲ್ಲ, ಅವ್ವಾ! ನೀರಾಗ ಹೋದ! ನನ್ನ ತಪ್ಪಿನಿಂದ ಹೋದ! ಮತ್ತ ನೀರು ಬರತೈತಿ, ಮನಿಗೆ ಹೋಗು!"

ಮುದುಕಿ ತಲೆಯಾಡಿಸಿದಳು. ಅವಳ ಮುಖ ನೋಡುವ ಧೈರ್ಯ ಇಂದುಧರನಿಗೆ ಇರಲಿಲ್ಲ. ಬಂದ ದಾರಿಯಲ್ಲೇ ಓಡಿಬಂದ.

"ಹೇಳಿ ಬಂದೆ, ಅಜ್ಜಾರ."

"ಎದ್ದು ಹೋದಳೇನು?"

"ತಲಿ ಆಡಿಸಿದಳ್ರಿ."

"ಎದ್ದು ಹೋದಳೇನು?"

ಇಂದುಧರ ಹಿಂತಿರುಗಿ ನೋಡಿದ. ಮುದುಕಿ ಬಂಡೆಯ ಮೇಲೇ ಇದ್ದಳು. ಗಂಟು ಮಡಿಲಲ್ಲೇ ಇತ್ತು.

ಅವನು ಬಿದ್ದಂಬೀಳ ಓಡಿದ. ಮುಟ್ಟುವ ಹೊತ್ತಿಗೆ ಬಂಡೆಯ ಬುಡಕ್ಕೆ ಕೆಂಪು ನೀರು ಬಂದಾಗಿತ್ತು. ಮುದುಕಿಯನ್ನು ಬೆನ್ನ ಮೇಲೆ ಹೊತ್ತು ದಂಡೆ ಹತ್ತಿದ. ದಾರಿಯುದ್ದಕ್ಕೂ ಅವಳು ಒಂದೇ ಒಂದು ಮಾತು ಕೇಳಿದಳು.

"ಬುತ್ತಿ ತೋಯ್ತೇನಪಾ?"

ಮಗಳ ಮನೆ ಮುಟ್ಟಿಸಿದ. ಈ ಸಲ ಹಾಗೇ ಬರಲಿಲ್ಲ. ಮುದುಕಿ ಒಳಗೆ ಹೋಗಿ, ಬಾಗಿಲು ಹಾಕಿಕೊಳ್ಳುವವರೆಗೆ ಬೀದಿಯಲ್ಲಿ ನಿಂತಿದ್ದು ಬಂದ.

ಸಂಜೆ ಡ್ರೈವರ್ ತಿದ್ದಿದ. ಮೆಮೊರಿ ಬಿಡುವ ಮೊದಲು ಟೈಮರ್‌ಗೆ ನಿಲ್ಲು ಅನ್ನಬೇಕು. ಅದು ಅಷ್ಟರಲ್ಲೇ ಎದ್ದು ಕೆಲಸಕ್ಕೆ ಹೋಗಿದ್ದರೆ, ಮುಗಿಸಿ ಬರುವವರೆಗೆ ಕಾಯಬೇಕು. ಆಮೇಲೆಯೇ ಜಾಗ ಬಿಡಬೇಕು. ಬರೆದದ್ದು ಎರಡೇ ಸಾಲು. ಅಜ್ಜ ಅದನ್ನು ನಾಲ್ಕು ಸಲ ಓದಿದರು.

ಮರುದಿನ ಬೆಳಿಗ್ಗೆ ಸೆನ್ಸರ್ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ನೋಡಿದರು. ಕಂಪ್ಯೂಟರ್ ಅಲುಗಲಿಲ್ಲ. ಸೈರನ್ ಎರಡೂ ದಂಡೆಗೆ ಕೇಳುವಂತೆ ಕೂಗಿತು. ಇಂದುಧರನಿಗೆ ಖುಷಿಯಾಗಲಿಲ್ಲ. ನಾಲ್ಕು ದಿನ ಮೊದಲೇ ಕೂಗಬೇಕಾಗಿದ್ದ ಸೈರನ್ ಅದು.

ಮಧ್ಯಾಹ್ನವಾಯಿತು. ಅವನು ಹೊಳೆಯ ಕಡೆ ನೋಡಿ ಗುರುವಿನ ಬಳಿಗೆ ಬಂದ.

"ಅಜ್ಜಾರ, ಮುದುಕಿ ಮತ್ತ ಬಂದಾಳ. ಗಂಟು ತಂದಾಳ. ಹೇಳೀನಿ. ಮನಿ ಮುಟ್ಟಿಸೀನಿ. ಬಾಗಿಲು ಹಾಕಿದ್ದೂ ನೋಡೀನಿ. ಇನ್ನೇನು ಮಾಡ್ಲಿರಿ?"

ಅಜ್ಜ ಆ ಬಂಡೆಯ ಕಡೆ ಕೈ ತೋರಿಸಿದರು.

"ಅಕಿ ಬುತ್ತಿ ತರೋದು ಬಿಡೋತನಕ ಅಲ್ಲಿ ಯಾರರ ಇರಬೇಕು, ತಮ್ಮಾ. ಹೋಗು. ಹಸಿವಾಗೇತಿ ಅನ್ನು."